ಬೆರಕೆ ಸೊಪ್ಪು, ಬಸುರಿ ಅಮ್ಮ, ಪುಟ್ಟ ರಕ್ತನಾಳ

ಒಂದು ಚಿಟಿಕೆ ಸಾಸಿವೆಯನ್ನು ಅಗಿಯದೆ ನೀರಿನ ಜೊತೆ ನುಂಗಿ ನೋಡಿ, ಖಾರವೇ ಗೊತ್ತಾಗುವುದಿಲ್ಲ. ಅದನ್ನೇ ಹಲ್ಲಿನಡಿ ಇಟ್ಟು ಜಗಿಯಿರಿ, ಸ್ವಲ್ಪ ಹೊತ್ತಿಗೆ ಮೂಗಿನವರೆಗೂ ಘಾಟು ಏರುತ್ತದೆ. ಆ ಕಾಳಿನಲ್ಲಿ ಗಂಧಕವಿರುವ ಒಂದು ರಾಸಾಯನಿಕವೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಜಾಗದಲ್ಲಿ ಅಡಗಿ ಕುಳಿತಿವೆ. ಕಾಳು ಒಡೆದು ತೇವ ತಗುಲಿದ ಕೂಡಲೆ ಎರಡೂ ಸೇರುತ್ತವೆ, ಘಾಟು ಹುಟ್ಟುತ್ತದೆ. ಒಗ್ಗರಣೆಯ ಸಾಸಿವೆ ಅಷ್ಟು ಘಾಟಾಗಿರುವುದಿಲ್ಲ, ಏಕೆಂದರೆ ಕಾದ ಎಣ್ಣೆಯಲ್ಲಿ ಕಿಣ್ವ ಕೆಟ್ಟುಹೋಗಿರುತ್ತದೆ. ತನ್ನನ್ನು ತಿನ್ನಲು ಬರುವ ಹುಳುವನ್ನು ಓಡಿಸಲು ಗಿಡ ಮಾಡಿಕೊಂಡ ಏರ್ಪಾಡು ಇದು.

ಮೂಲಂಗಿ, ಎಲೆಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲವೂ ಸಾಸಿವೆಯ ಕುಟುಂಬದವೇ. ನಮ್ಮ ಹಿತ್ತಿಲ ನುಗ್ಗೆ ಅದೇ ವಂಶದ ದೂರದ ನೆಂಟ, ಅದರಲ್ಲೂ ಇಂಥದೇ ಒಂದು ವಸ್ತುವಿದೆ. ಹುಳುವಿಗೆ ಬೇಡವಾದ ಈ ಘಾಟು ನಮ್ಮ ದೇಹದೊಳಗೆ ಹೋದಾಗ ಇನ್ನೊಂದು ಕೆಲಸ ಮಾಡುತ್ತದೆ. ನಮ್ಮ ಜೀವಕೋಶಗಳನ್ನು ಎಚ್ಚರಿಸಿ, ಅವು ತಮ್ಮ ಕಾವಲಿನ ಕಿಣ್ವಗಳನ್ನು ತಾವೇ ಹೆಚ್ಚು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ.

ಕಾವಲು ಯಾರ ಮೇಲೆ? ನಾವು ಉಸಿರಾಡಿದ ಆಮ್ಲಜನಕ ಅನ್ನವನ್ನು ಶಕ್ತಿಯಾಗಿಸುವಾಗ, ಅದರಲ್ಲಿ ಒಂದಿಷ್ಟು ಪಾಲು ತುಂಟ ರೂಪ ತಾಳುತ್ತದೆ. ಸಿಕ್ಕ ಸಿಕ್ಕ ಅಣುಗಳಿಗೆ ಅಂಟಿಕೊಂಡು ಅವನ್ನು ಹಾಳುಮಾಡುತ್ತದೆ. ಅದನ್ನು ತಡೆಯುವ ವಸ್ತುಗಳಿಗೆ ಆಂಟಿಆಕ್ಸಿಡೆಂಟ್ ಎಂದು ಹೆಸರು. ಕೆಲವನ್ನು ದೇಹವೇ ತಯಾರಿಸುತ್ತದೆ, ಕೆಲವು ಸೊಪ್ಪು, ತರಕಾರಿ, ಹಣ್ಣುಗಳಿಂದ ಬರುತ್ತವೆ.

ಈಗ ರಕ್ತದ ಒತ್ತಡಕ್ಕೆ ಬರೋಣ. ಮನೆಯಲ್ಲಿ ಅಜ್ಜ ಅಜ್ಜಿಯರು ‘ಬಿಪಿ’ ಅನ್ನುತ್ತಾರಲ್ಲ, ಅದೇ. ಕೊಳ್ಳೇಗಾಲದ ಹಿಪ್ಪುನೇರಳೆ ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದರೆ ನೀರು ರಭಸದಿಂದ ಚಿಮ್ಮುತ್ತದೆ, ಪೈಪು ಉಬ್ಬುತ್ತದೆ. ರಕ್ತನಾಳ ಬಿಗಿದುಕೊಂಡರೂ ಒಳಗಿನ ಒತ್ತಡ ಹೀಗೇ ಏರುತ್ತದೆ. ನಾಳ ಸಡಿಲವಾಗಿರಲು ಅದರ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸುತ್ತಿರುತ್ತದೆ. ಆ ತುಂಟ ಆಮ್ಲಜನಕ ಮೊದಲು ಕೈಹಾಕುವುದೇ ಈ ಅನಿಲಕ್ಕೆ! ಅನಿಲ ಕಡಿಮೆಯಾದರೆ ನಾಳ ಬಿಗಿಯುತ್ತದೆ.

ಮಗು ಹುಟ್ಟಿದ ಮೇಲೆ ಶುರುವಾಗುವ ಕತೆಯಲ್ಲ ಇದು. ನಿಮ್ಮ ಒಂದೊಂದು ಮೂತ್ರಪಿಂಡದಲ್ಲೂ ರಕ್ತ ಸೋಸುವ ಪುಟಾಣಿ ಘಟಕಗಳು ಸುಮಾರು ಹತ್ತು ಲಕ್ಷ ಇವೆ. ಅವಕ್ಕೆ ನೆಫ್ರಾನ್ ಎಂದು ಹೆಸರು. ನೀವು ಅಮ್ಮನ ಹೊಟ್ಟೆಯಲ್ಲಿ ಸುಮಾರು 36 ವಾರದವರಾಗುವ ಹೊತ್ತಿಗೆ ಅವುಗಳ ಲೆಕ್ಕ ಮುಗಿದುಹೋಗಿತ್ತು. ಆಮೇಲೆ ಹೊಸದು ಒಂದೂ ಹುಟ್ಟುವುದಿಲ್ಲ. ಉಪ್ಪು ಮತ್ತು ನೀರನ್ನು ಹದವಾಗಿಟ್ಟು ರಕ್ತದ ಒತ್ತಡ ಕಾಯುವುದು ಇವುಗಳದೇ ಕೆಲಸ. ಬಸುರಿ ಇಲಿಗಳಿಗೆ ಪ್ರೋಟೀನ್ ಕಡಿಮೆ ಮಾಡಿದಾಗ ಮರಿಗಳಿಗೆ ನೆಫ್ರಾನ್‌ಗಳು ಕಡಿಮೆಯಾಗಿ, ದೊಡ್ಡವಾದ ಮೇಲೆ ಬಿಪಿ ಏರಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಹಾಗಾದರೆ ಬಸುರಿಯ ಊಟಕ್ಕೆ ಒಳ್ಳೆಯದನ್ನು ಸೇರಿಸಿದರೆ? ಕೆನಡಾದ ಸಸ್ಕಾಚೆವನ್ ವಿಶ್ವವಿದ್ಯಾಲಯದವರು ವಂಶದ ಗುಣದಿಂದಲೇ ಬಿಪಿ ಏರುವ ತಳಿಯ ಇಲಿಗಳಿಗೆ, ಬಸುರಿನ ಕಾಲದಲ್ಲಿ, ಬ್ರೊಕೊಲಿ ಮೊಳಕೆಯಲ್ಲಿರುವ ಆ ಗಂಧಕದ ವಸ್ತು ಸೇರಿದ ಆಹಾರ ಕೊಟ್ಟರು. 2006ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಆ ತಾಯಂದಿರ ಮರಿಗಳಿಗೆ, ಬೆಳೆದ ಮೇಲೆ, ಬಿಪಿ ಕಡಿಮೆ ಇತ್ತು. ಹಾಲು ಬಿಟ್ಟ ಮೇಲೆ ಮಾಮೂಲಿ ಆಹಾರವನ್ನೇ ತಿಂದ ಮರಿಗಳಲ್ಲೂ ಹಾಗೆಯೇ. ಅಮ್ಮ ತಿಂದದ್ದು ಮರಿಯ ರಕ್ತನಾಳದಲ್ಲಿ ಉಳಿದಿತ್ತು.

ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗಲೇಬೇಕೆಂದಿಲ್ಲ. ಇದಕ್ಕೆ ನಮ್ಮ ಪಕ್ಕದಲ್ಲೇ, ಮೈಸೂರಿನಲ್ಲೇ, ಒಂದು ಒಳ್ಳೆಯ ಪಾಠವಿದೆ. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅವರಲ್ಲಿ 517 ಜನರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ, ವಿಜ್ಞಾನಿಗಳು 1996ರಲ್ಲಿ ಒಂದು ವರದಿ ಪ್ರಕಟಿಸಿದರು. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ ಇತ್ತು. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಜನಕ್ಕೆ ಮಾತ್ರ. ತಾಯಿಯೂ ಬಡಕಲಾಗಿದ್ದರೆ ಮಗುವಿಗೆ ಕಷ್ಟ ಇನ್ನೂ ಹೆಚ್ಚು.

ಹಾಗಿದ್ದರೆ ಸಣ್ಣದಾಗಿ ಹುಟ್ಟಿದವರಿಗೆ ಬಿಪಿಯೂ ಹೆಚ್ಚಿರಬೇಕಲ್ಲವೇ? ಎಲ್ಲರೂ ಹಾಗೇ ಅಂದುಕೊಂಡಿದ್ದರು. 2000ದಲ್ಲಿ ಬಂದ ಉತ್ತರ: ಇಲ್ಲ. ಮೈಸೂರಿನಲ್ಲಿ ಹುಟ್ಟಿದ ಆ ಜನರಲ್ಲಿ ಜನನದ ಗಾತ್ರಕ್ಕೂ ಬಿಪಿಗೂ ಸಂಬಂಧ ಸಿಗಲಿಲ್ಲ. ನನಗೆ ಈ ‘ಇಲ್ಲ’ ಬಹಳ ಇಷ್ಟ. ಅಂದುಕೊಂಡದ್ದು ಬರಲಿಲ್ಲವೆಂದು ಅದನ್ನು ಮುಚ್ಚಿಡದೆ ಬರೆದಿಟ್ಟರಲ್ಲ! ಶಿಶುವಿನ ತೂಕವೊಂದೇ ಎಲ್ಲವನ್ನೂ ಹೇಳುವುದಿಲ್ಲ, ಅಮ್ಮ ಏನು ತಿಂದಳು ಎಂದೂ ಕೇಳಬೇಕು ಎಂಬ ದಾರಿ ಅಲ್ಲಿಂದ ಇನ್ನಷ್ಟು ತೆರೆಯಿತು.

ಮುಂಬಯಿಯ ಕೊಳೆಗೇರಿಗಳಲ್ಲಿ ಮುಂದೆ ಹಾಗೆಯೇ ಕೇಳಿದರು. ಬಸುರಾಗುವ ಮೊದಲಿನಿಂದಲೇ ಕೆಲವರಿಗೆ ದಿನವೂ ಸೊಪ್ಪು, ಹಣ್ಣು, ಹಾಲು ಸೇರಿದ ತಿಂಡಿ ಕೊಟ್ಟರು. ಇನ್ನು ಕೆಲವರಿಗೆ ಆಲೂಗಡ್ಡೆ, ಈರುಳ್ಳಿಯಂಥವುಗಳ ತಿಂಡಿ. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎರಡನೆಯ ಗುಂಪಿನಲ್ಲಿ ನೂರಕ್ಕೆ 12.4 ಜನಕ್ಕೆ ಬಂದರೆ, ಸೊಪ್ಪಿನ ತಿಂಡಿ ತಿಂದವರಲ್ಲಿ 7.3 ಜನಕ್ಕೆ ಮಾತ್ರ.

ಇದನ್ನು ಓದುವಾಗ ನನಗೆ ಹನೂರಿನ ಹೊಲಗಳು ಕಣ್ಣ ಮುಂದೆ ಬರುತ್ತವೆ. ಮಳೆ ಬಿದ್ದ ಮೇಲೆ ಬದುಗಳಲ್ಲಿ ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ ತಾವಾಗಿಯೇ ಹುಟ್ಟುತ್ತವೆ. ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಾರೆ. ಅದನ್ನು ಬೇಯಿಸಿ, ನೀರು ಬಸಿದು ಬಸ್ಸಾರು ಮಾಡುತ್ತಾರಲ್ಲ, ಅಲ್ಲೊಂದು ಜಾಣತನವಿದೆ. ಸೊಪ್ಪು ಬೇಯುವಾಗ ಫೋಲೇಟ್, ಸಿ ಜೀವಸತ್ವ, ಕೆಲವು ಆಂಟಿಆಕ್ಸಿಡೆಂಟ್‌ಗಳು ನೀರಿಗೆ ಇಳಿದುಬಿಡುತ್ತವೆ. ಕಾವಿಗೆ ಒಂದಿಷ್ಟು ಹಾಳಾಗುತ್ತವೆ ನಿಜ, ಆದರೆ ಉಳಿದದ್ದು ಚರಂಡಿಗೆ ಹೋಗದೆ ಸಾರಾಗಿ ತಟ್ಟೆಗೇ ಬರುತ್ತದೆ. ಜೊತೆಗೆ ರಾಗಿ ಮುದ್ದೆ. ರಾಗಿಯ ಕಂದು ಸಿಪ್ಪೆಯಲ್ಲಿ ಪಾಲಿಫೀನಾಲ್ ಎಂಬ ಆಂಟಿಆಕ್ಸಿಡೆಂಟ್‌ಗಳಿವೆ, ಸಿಪ್ಪೆ ಸಮೇತ ಬೀಸಿದ ಹಿಟ್ಟಿನಲ್ಲಿ ಅವು ಉಳಿದಿರುತ್ತವೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಕಾಡಿನಲ್ಲಿ ಎರಡು ಜಾತಿಯ ನೆಲ್ಲಿ ಮರಗಳಿವೆ. ಸೋಲಿಗರು ತಲೆತಲಾಂತರದಿಂದ ಆ ಕಾಯಿ ಆರಿಸಿಕೊಂಡು ಬಂದವರು. ಸಿ ಜೀವಸತ್ವ ಅದರಲ್ಲಿ ತುಂಬಿದೆ. ಅದನ್ನೇ ಉಪ್ಪಿನಕಾಯಿ ಮಾಡಿ ದಿನವೂ ಸುರಿದುಕೊಂಡರೆ ಮಾತ್ರ ಉಪ್ಪು ಮೈಸೇರಿ ಬಿಪಿಯನ್ನು ಏರಿಸುತ್ತದೆ. ಹಸಿ ಕಾಯಿಯೇ ಚೆನ್ನ.

ಆಂಟಿಆಕ್ಸಿಡೆಂಟ್ ಅಷ್ಟು ಒಳ್ಳೆಯದಾದರೆ ಗುಳಿಗೆ ಮಾಡಿ ನುಂಗಬಹುದಲ್ಲ ಎಂದು ನಿಮಗೆ ಅನಿಸಿರಬಹುದು. ಬ್ರಿಟನ್ನಿನಲ್ಲಿ ಅದನ್ನೂ ನೋಡಿದರು. ಬಸುರಿನಲ್ಲಿ ಬಿಪಿ ಏರುವ ಅಪಾಯವಿದ್ದ ಸುಮಾರು 2,400 ಹೆಂಗಸರ ಪೈಕಿ ಅರ್ಧ ಜನಕ್ಕೆ ಸಿ ಮತ್ತು ಇ ಜೀವಸತ್ವಗಳ ದೊಡ್ಡ ಗುಳಿಗೆ ಕೊಟ್ಟರು. 2006ರಲ್ಲಿ ಬಂದ ಫಲಿತಾಂಶದ ಪ್ರಕಾರ ಅಪಾಯ ತಪ್ಪಲಿಲ್ಲ. ಗುಳಿಗೆ ನುಂಗಿದವರಲ್ಲಿ ಕಡಿಮೆ ತೂಕದ ಶಿಶುಗಳೇ ಹೆಚ್ಚಾದವು. ಸೊಪ್ಪಿನಲ್ಲಿ ನೂರಾರು ವಸ್ತುಗಳು ಸ್ವಲ್ಪ ಸ್ವಲ್ಪವೇ ಇರುತ್ತವೆ, ಗುಳಿಗೆಯಲ್ಲಿ ಒಂದೆರಡೇ ರಾಶಿಗಟ್ಟಲೆ. ಆದರೆ ಆಶಾ ಅಕ್ಕ ತಂದುಕೊಡುವ ಕಬ್ಬಿಣಾಂಶದ ಗುಳಿಗೆಯ ಮಾತೇ ಬೇರೆ. ಅದು ರಕ್ತಹೀನತೆಗೆ, ಬಸುರಿ ಅದನ್ನು ತಪ್ಪಿಸಬಾರದು.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಸೊಪ್ಪು ಬಿಡಿಸಿ ಬೇಯಿಸುವವಳು ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಅಷ್ಟರಲ್ಲಿ ಪಾತ್ರೆಯ ತಳದಲ್ಲಿ ಸಾರು ಮಾತ್ರ ಉಳಿದಿರುತ್ತದೆ, ಪಲ್ಯ ಖಾಲಿ. ರೇಷನ್ ಮನೆಗೆ ಕೊಟ್ಟರೂ ಅದು ಎಲ್ಲರಿಗೂ ಹಂಚಿಹೋಗುತ್ತದೆ. 2017ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರು ಅಂಗನವಾಡಿಗೇ ಬಂದು ಅನ್ನ, ಸೊಪ್ಪು ತರಕಾರಿಯ ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಉಣ್ಣಬೇಕೆಂದು ಇಟ್ಟದ್ದರ ಹಿಂದೆ ಈ ಯೋಚನೆಯೂ ಇತ್ತು: ಅವಳ ಪಾಲು ಅವಳ ಹೊಟ್ಟೆಗೇ ಹೋಗಲಿ. ಮಹದೇಶ್ವರ ಬೆಟ್ಟದ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ, ಸೋಲಿಗರ ಪೋಡುಗಳಲ್ಲಿ, ತುಂಬು ಬಸುರಿಗೆ ದಿನವೂ ಅಷ್ಟು ದೂರ ನಡೆಯುವುದು ಸುಲಭವಲ್ಲ. ಅಲ್ಲಿ ಊಟವೇ ಅವಳ ಮನೆಯ ಬಾಗಿಲಿಗೆ ಹೋಗಬೇಕು.