ಮೇಷ್ಟರಿಗೆ ಧೈರ್ಯ ಎಲ್ಲಿಂದ ಬರಬೇಕು?

(ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮಗ್ಗದ ಮರ್ಮ ಬಲ್ಲ ಕೆಲಸಗಾರ ಮೇಸ್ತ್ರಿಗೆ ಹೆದರುವುದಿಲ್ಲ. ತೂಕದ ಕಲ್ಲು ಸರಿಯಿಟ್ಟ ಅಂಗಡಿಯವನು ಇನ್‌ಸ್ಪೆಕ್ಟರಿಗೆ ಹೆದರುವುದಿಲ್ಲ. ಮೊದಲನೆಯವನ ಧೈರ್ಯಕ್ಕೆ ಕಸಬು ಆಧಾರ, ಎರಡನೆಯವನ ಧೈರ್ಯಕ್ಕೆ ನೀತಿ ಆಧಾರ. ನಮ್ಮ ಮಕ್ಕಳಿಗೆ ಪಾಠ ಹೇಳುವ ಮೇಷ್ಟರಿಗೆ ಎರಡೂ ಬೇಕು.

ಕಸಬು ತಿಳಿಯದ ಮೇಷ್ಟರು ಹುಡುಗ ಪ್ರಶ್ನೆ ಕೇಳಿದರೆ ಗದರುತ್ತಾರೆ, ಬೆತ್ತ ಹುಡುಕುತ್ತಾರೆ. ಆ ಬೆತ್ತ ಅವರ ಅಂಜಿಕೆಯ ಗುರುತು. ಕಸಬು ತಿಳಿದೂ ನೀತಿ ಬಿಟ್ಟವರು ತರಗತಿಯಲ್ಲಿ ಅರ್ಧ ಪಾಠ ಹೇಳಿ, ಉಳಿದರ್ಧವನ್ನು ಮನೆಪಾಠಕ್ಕೆ ಉಳಿಸಿಕೊಳ್ಳುತ್ತಾರೆ. ಅವರು ತಂದೆತಾಯಿಗಳ ಮುಖ ನೋಡಿ ಮಾತಾಡಲಾರರು. 2009ರ ಶಿಕ್ಷಣ ಹಕ್ಕು ಕಾಯಿದೆ ಹೊಡೆಯುವುದನ್ನೂ ಶಿಕ್ಷಕರ ಖಾಸಗಿ ಪಾಠವನ್ನೂ ನಿಷೇಧಿಸಿದೆ. ಕಾಯಿದೆ ತಪ್ಪನ್ನು ತಡೆದೀತು, ಧೈರ್ಯವನ್ನು ಕೊಡಲಾರದು.

ಧೈರ್ಯ ಬರುವ ದಾರಿ ಯಾವುದು? 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಡೆದದ್ದನ್ನು ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳ ಪದ್ಧತಿಯನ್ನು ಕಣ್ಣಾರೆ ಕಂಡು ಬಂದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. ಒಂದೇ ಕೊಠಡಿಯ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯಲು ಅನುವಾಯಿತು. ಅದೇ ‘ನಲಿ-ಕಲಿ’. ಮುಂದೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು. ತನ್ನ ಕೈಯಾರೆ ಪಾಠ ಕಟ್ಟಿದ ಮೇಷ್ಟರಿಗೆ ಯಾವ ಮಗುವಿನ ಪ್ರಶ್ನೆಯೂ ಭಯವಲ್ಲ.

ಹಾಗೆಂದು ಭಾರವನ್ನೆಲ್ಲ ಮೇಷ್ಟರ ಹೆಗಲಿಗೇ ಹೊರಿಸಬೇಡಿ. ಬದಲಿ ಕೆಲಸಗಾರನ ಪಾಡು ಗಿರಣಿಯವರಿಗೆ ಗೊತ್ತು. ಅತಿಥಿ ಶಿಕ್ಷಕರೆಂಬ ಹೆಸರಿನಲ್ಲಿ ವರ್ಷವರ್ಷವೂ ಗೌರವಧನಕ್ಕೆ ದುಡಿಯುವವರ ಪಾಡೂ ಅದೇ. ನಾಳೆಯ ಅನ್ನಕ್ಕೆ ಭರವಸೆಯಿಲ್ಲದವನಿಂದ ಎದೆಗಾರಿಕೆಯನ್ನು ಕೇಳುವುದು ಸರ್ಕಾರಕ್ಕೆ ಒಪ್ಪುವ ಮಾತಲ್ಲ. ಖಾಯಂ ನೇಮಕ, ಸರಿಯಾದ ಸಂಬಳ, ಒಳ್ಳೆಯ ತರಬೇತಿ ಇವು ಮೇಷ್ಟರ ಬೇಡಿಕೆ ಮಾತ್ರವಲ್ಲ, ನಮ್ಮ ಮಕ್ಕಳ ಬೇಡಿಕೆ.

ಅದೇ ಕಾಯಿದೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ಥಾನವನ್ನು ತಂದೆತಾಯಿ, ಪೋಷಕರಿಗೆ ಕೊಟ್ಟಿದೆ. ಪಾಳಿ ಮುಗಿಸಿ, ಅಂಗಡಿ ಒಂದು ಗಳಿಗೆ ಮುಚ್ಚಿ, ಅಲ್ಲಿಗೆ ಹೋಗಿ ಕುಳಿತುಕೊಳ್ಳಿ. ಮೇಷ್ಟರು ತಪ್ಪಿದರೆ ನೇರವಾಗಿ ಕೇಳಿ. ನಿಯತ್ತಿನಿಂದ ದುಡಿಯುವ ಮೇಷ್ಟರ ಮೇಲೆ ಅಧಿಕಾರದವರು ಕೈ ಮಾಡಿದರೆ ಅವರ ಬೆನ್ನಿಗೆ ನಿಲ್ಲಿ. ಹೆದರುವ ಮೇಷ್ಟರು ಹೆದರುವ ಮಕ್ಕಳನ್ನೇ ಬೆಳೆಸುತ್ತಾರೆ. ಹೆದರುವ ಮಕ್ಕಳು ನಾಳೆ ಯಾವ ಸಂಘವನ್ನೂ ಕಟ್ಟಲಾರರು.