ಐದು ವರ್ಷದ ಓದು, ಐದು ವರ್ಷದ ನೆರವು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರು ಆಡಿದ ಮಾತುಗಳು)



ಅರ್ಜಿ ನೋಡಲು ಕೂತರೆ ನಮಗೆ ಸಿಗುವುದು ಹೆಚ್ಚಾಗಿ ಇಂಜಿನಿಯರಿಂಗ್, ನರ್ಸಿಂಗ್, ಡಿಪ್ಲೊಮಾ. ಒಳ್ಳೆಯದೇ. ಆದರೆ ಬ್ಲ್ಯಾಕ್ ಹೋಲ್ ಬಗ್ಗೆ ಓದಬೇಕು ಎನ್ನುವ ಮಕ್ಕಳೂ ನಮ್ಮಲ್ಲಿದ್ದಾರೆ. ಆಗ ಮನೆಯವರು ಕೇಳುವುದು ಒಂದೇ: "ಅದನ್ನ ಓದಿದ್ರೆ ಕೆಲ್ಸ ಸಿಗುತ್ತಾ ಮೇಷ್ಟ್ರೆ?" ಎಣ್ಣೆ ಮಿಲ್ಲಿನಲ್ಲಿ ದುಡಿಯುವವರು, ಮಗ್ಗದ ಮುಂದೆ ಕೂರುವವರು ಹೀಗೆ ಕೇಳುವುದು ತಪ್ಪಲ್ಲ. ಲೆಕ್ಕ ಹಾಕಿಯೇ ಉತ್ತರ ಕೊಡಬೇಕು.

ಆ ಓದಿನ ಹೆಸರು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ. 1915ರಲ್ಲಿ ಐನ್‌ಸ್ಟೀನ್ ಕೊಟ್ಟದ್ದು. ನಾಲ್ವರು ಬಿಗಿಯಾಗಿ ಹಿಡಿದ ಚಳ್ಳಕೆರೆ ಕಂಬಳಿಯ ನಡುವೆ ಗುಂಡುಕಲ್ಲು ಇಟ್ಟರೆ ಕಂಬಳಿ ತಗ್ಗುತ್ತದೆ, ಪಕ್ಕದಲ್ಲಿ ಉರುಳಿಸಿದ ಗೋಲಿ ಅತ್ತ ಬಾಗುತ್ತದೆ. ಸೂರ್ಯನ ಸುತ್ತ ದೇಶಕಾಲ ಬಾಗಿರುವುದೂ ಹೀಗೆ. ಹತ್ತನೇ ತರಗತಿಗೆ ಇಷ್ಟು ಸಾಕು, ಎಂ.ಎಸ್ಸಿ.ಯಲ್ಲಿ ಕಂಬಳಿ ನಡೆಯುವುದಿಲ್ಲ. ಅಲ್ಲಿ ಟೆನ್ಸರ್ ಗಣಿತ ಬೇಕು. ಪಿ.ಯು.ಸಿ.ಯಲ್ಲೇ ಗಣಿತ ಬಿಟ್ಟವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ದಯವಿಟ್ಟು ಬಿಡಿಸಬೇಡಿ.

ನಮ್ಮ ನಾಡಿನಿಂದಲೇ ಇದರಲ್ಲಿ ಹೆಸರಾದವರು ಸಿ.ವಿ. ವಿಶ್ವೇಶ್ವರ. ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದರು. ಬ್ಲ್ಯಾಕ್ ಹೋಲನ್ನು ಕದಲಿಸಿದರೆ ಅದು ಬಡಿದ ಗಂಟೆಯ ಹಾಗೆ ಮಿಡಿದು ಬೇಗನೆ ಶಾಂತವಾಗುತ್ತದೆ ಎಂದು 1970ರಲ್ಲಿ ಲೆಕ್ಕ ಮಾಡಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಬ್ಲ್ಯಾಕ್ ಹೋಲ್ ಒಂದಾದಾಗ ಎದ್ದ ಅಲೆಯನ್ನು ಹಿಡಿದವು. ಅಲೆಯ ಕೊನೆಯಲ್ಲಿ ಅದೇ ಮಿಡಿತ. ನಡುವೆ 45 ವರ್ಷ! 2017ರಲ್ಲಿ ತೀರಿಕೊಳ್ಳುವ ಮುಂಚೆ ಅವರು ಅದನ್ನು ಕಂಡರು. ಶಾಲೆಯ ಪ್ರವಾಸದಲ್ಲಿ ಮಕ್ಕಳು ನೋಡುವ ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ.

ಈಗ ಲೆಕ್ಕ. ಬಿ.ಎಸ್ಸಿ. ಮೂರು ವರ್ಷ, ಜಾಮ್ ಪರೀಕ್ಷೆ, ಎಂ.ಎಸ್ಸಿ. ಎರಡು ವರ್ಷ. ಆಮೇಲೆ ನೆಟ್ ಬರೆದು ಜೆ.ಆರ್.ಎಫ್. ಸಿಕ್ಕರೆ, 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಅಲ್ಲಿಂದ ಮನೆಯ ದುಡ್ಡು ಬೇಕಿಲ್ಲ. ಸಂಶೋಧನೆಗೆ ಹೋಗದವರು ಬಿ.ಇಡಿ. ಮಾಡಿ ಪಿ.ಯು. ಉಪನ್ಯಾಸಕರಾಗಲು ಯತ್ನಿಸಬಹುದು, ನಮ್ಮ ತಾಲ್ಲೂಕುಗಳಿಗೆ ಅದೂ ಬೇಕು. ಕಷ್ಟವೆಲ್ಲ ಮೊದಲ ಐದು ವರ್ಷದ್ದು. ಅದರಲ್ಲೂ ಬಿ.ಎಸ್ಸಿ. ಮುಗಿದ ವರ್ಷ. ಮಗ ದುಡಿಯಲಿ, ಮಗಳ ನಿಕಾಹ್ ಮುಗಿಸೋಣ ಎಂಬ ಮಾತು ಏಳುವುದು ಆಗಲೇ. ಆದ್ದರಿಂದ ದಾನಿಗಳಲ್ಲಿ ನಮ್ಮ ಕೋರಿಕೆ: ವರ್ಷವರ್ಷ ಹಂಚುವ ಹಣದಲ್ಲಿ ಒಂದು ಪಾಲನ್ನು ಒಂದೇ ಮಗುವಿಗೆ ಐದು ವರ್ಷಕ್ಕೆಂದು ತೆಗೆದಿಡಿ.

ಇಲ್ಲೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗಿಬಂದ ಮೇಷ್ಟ್ರುಗಳನ್ನು ಹಿಡಿದು ಕೇಳಿ, ಮಕ್ಕಳೆ. ಅರ್ಜಿಯಲ್ಲಿ ಬಿ.ಎಸ್ಸಿ. ಭೌತಶಾಸ್ತ್ರ, ಗಣಿತ ಎಂದು ಬರೆಯಲು ಹಿಂಜರಿಯಬೇಡಿ. ಪಿ.ಯು. ಅಂಕಪಟ್ಟಿ ತನ್ನಿ, ಜೊತೆಗೆ ಅಬ್ಬಾ ಅಮ್ಮೀನೂ ಬರಲಿ. ಶುಕ್ರವಾರ ಜುಮ್ಮಾ ನಮಾಜ್ ಆದ ಮೇಲೆ ನಾವು ಟ್ರಸ್ಟಿನ ಕಚೇರಿಯಲ್ಲೇ ಇರುತ್ತೇವೆ.