ಸಂತಾನ ನಿಯಂತ್ರಣದಲ್ಲಿ ಪುರುಷನ ಪಾಲು



ಇನ್ನು ಮಕ್ಕಳು ಸಾಕೆಂದು ದಂಪತಿಗಳು ನಿರ್ಧರಿಸಿದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಅವಳಿಗೆ ಆಪರೇಷನ್ ಮಾಡಿಸಿಬಿಡೋಣ." ಗಂಡನಿಗೇಕೆ ಆಗಬಾರದೆಂದು ತವರಿನವರೂ ಕೇಳುವುದಿಲ್ಲ, ಅತ್ತೆಮನೆಯವರೂ ಕೇಳುವುದಿಲ್ಲ. ಇದು ಆಲೋಚಿಸಿ ಕೈಗೊಂಡ ತೀರ್ಮಾನವಲ್ಲ, ಕೇವಲ ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಪುರುಷರ ಪಾಲು ಶೂನ್ಯಕ್ಕೆ ಸಮೀಪವಾಗಿತ್ತು.

ಇದನ್ನು ಜನರ ಅಜ್ಞಾನವೆಂದು ಹೇಳಿ ವೈದ್ಯರು ಸುಮ್ಮನಾಗುವಂತಿಲ್ಲ. ಹೆರಿಗೆ ವಾರ್ಡಿನಲ್ಲಿ ತಾಯಿ ನಮ್ಮ ಕಣ್ಣೆದುರಿಗೆ ಇರುತ್ತಾಳೆ. ತಂದೆ ಹೊರಗೆ ಜಗಲಿಯಲ್ಲಿರುತ್ತಾನೆ. ಸಲಹೆಯು ಹತ್ತಿರವಿದ್ದವರಿಗೇ ಸಲ್ಲುತ್ತದೆ. ನಾನೂ ಮೂವತ್ತು ದಾಟಿದ ಸಂಸಾರಸ್ಥ. "ನಾನಾದರೆ ಮಾಡಿಸಿಕೊಳ್ಳುವೆನೇ?" ಎಂದು ಕೇಳಿಕೊಂಡಾಗ ಮನಸ್ಸಿನ ಮೂಲೆಯಲ್ಲಿ ಅಳುಕು ಕಂಡಿತು. ಶರೀರಶಾಸ್ತ್ರವನ್ನು ಓದಿದವನನ್ನೂ ರೂಢಿಯು ಬಿಡುವುದಿಲ್ಲವೆಂಬುದು ಆಗ ಮನವರಿಕೆಯಾಯಿತು. ಆದ್ದರಿಂದ ಆ ಅಳುಕನ್ನೇ ಪರೀಕ್ಷಿಸೋಣ.

ಮೊದಲನೆಯದು, ಪುರುಷತ್ವ ಕುಂದುವುದೆಂಬ ಭಯ. ಈ ಚಿಕಿತ್ಸೆಯಲ್ಲಿ ವೀರ್ಯಾಣುಗಳು ಸಾಗುವ ನಾಳಗಳನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ವೃಷಣಗಳು ಉತ್ಪಾದಿಸುವ ಹಾರ್ಮೋನು ರಕ್ತಕ್ಕೆ ನೇರವಾಗಿ ಸೇರುವುದರಿಂದ ಗಡ್ಡಮೀಸೆ, ಕಾಮಾಸಕ್ತಿ, ದೇಹಬಲ ಯಾವುದೂ ಕುಗ್ಗುವುದಿಲ್ಲ.

ಎರಡನೆಯದು, ದುಡಿಮೆ ಕೆಡುವುದೆಂಬ ಭಯ. 1974ರಲ್ಲಿ ಚೀನಾದಲ್ಲಿ ರೂಪುಗೊಂಡ, ಚಾಕು ಬಳಸದ ವ್ಯಾಸೆಕ್ಟಮಿಗೆ ಸ್ಥಳೀಯ ಅರಿವಳಿಕೆ ಸಾಕು. ಸಣ್ಣ ರಂಧ್ರಕ್ಕೆ ಹೊಲಿಗೆಯೂ ಬೇಡ. ಅದೇ ದಿನ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ ಪಡೆದು, ಒಂದು ವಾರ ಭಾರ ಎತ್ತದಿದ್ದರಾಯಿತು. ಸ್ತ್ರೀಯರ ಶಸ್ತ್ರಚಿಕಿತ್ಸೆಗಾದರೋ ಹೊಟ್ಟೆಯನ್ನೇ ಸ್ವಲ್ಪವಾದರೂ ಕೊಯ್ಯಬೇಕು. ಹೆರಿಗೆಯಿಂದ ಬಳಲಿ ರಕ್ತಹೀನಳಾದ ತಾಯಿಗೆ ಆ ಹೊರೆಯನ್ನೂ ಹೊರಿಸುವುದು ನ್ಯಾಯವೇ?

ಮೂರನೆಯದು, ಬಲವಂತದ ನೆನಪು. 1975–77ರ ತುರ್ತುಪರಿಸ್ಥಿತಿಯಲ್ಲಿ ದೇಶದ ಹಲವೆಡೆ ಪುರುಷರನ್ನು ಒತ್ತಾಯದಿಂದ ಈ ಚಿಕಿತ್ಸೆಗೆ ಒಳಪಡಿಸಲಾಯಿತು. ಆ ಭೀತಿ ನಿರಾಧಾರವಾದುದಲ್ಲ. ಆದುದರಿಂದಲೇ ತಿಳಿದು, ಸ್ವ‌ಇಚ್ಛೆಯಿಂದ ನೀಡಿದ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಮುಟ್ಟಬಾರದು.

ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಇದು ಶಾಶ್ವತ ವಿಧಾನ. ಮನಸ್ಸು ಬದಲಾದರೆ ನಾಳಗಳನ್ನು ಮತ್ತೆ ಜೋಡಿಸಿದರೂ ಫಲ ಖಚಿತವಲ್ಲ. ಫಲಿತಾಂಶವೂ ಕೂಡಲೇ ದೊರೆಯದು. ಮೂರು ತಿಂಗಳವರೆಗೆ ನಿರೋಧ್ ಅಥವಾ ಬೇರೆ ವಿಧಾನವನ್ನು ಅನುಸರಿಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿಕೊಂಡು ವೀರ್ಯಾಣುಗಳಿಲ್ಲವೆಂದು ದೃಢಪಡಿಸಿಕೊಳ್ಳಬೇಕು. ಈ ಸೂಚನೆಯನ್ನು ಕಡೆಗಣಿಸಿದುದರಿಂದ ಗರ್ಭ ನಿಂತಾಗ ನಿರಪರಾಧಿಯಾದ ಹೆಂಡತಿಯ ಮೇಲೆ ಸಂಶಯ ಬೀಳುವುದುಂಟು.

ಗಂಡಂದಿರೇ, ನಿಮ್ಮ ಮನೆಯಲ್ಲಿ ಈ ವಿಷಯ ಬಂದಾಗ ಪತ್ನಿಯೊಡನೆ ಕುಳಿತು ಮಾತನಾಡಿ. ಇಬ್ಬರೂ ಕೂಡಿ ಆರೋಗ್ಯ ಕೇಂದ್ರಕ್ಕೆ ಬನ್ನಿ. ನನ್ನ ಮನೆಯಲ್ಲಿ ಆ ಮಾತು ಬಂದಾಗ ಮೊದಲ ಹೆಸರು ನನ್ನದೇ ಆಗಿರಬೇಕೆಂದು ನಾನು ನಿಶ್ಚಯಿಸಿದ್ದೇನೆ. ನೀವೂ ಯೋಚಿಸಿ ನೋಡಿ.